ಬಲಗಾಲಿನ ಕಡಗ

ಲಲ್ಲಾ ಸಾಸಿಯಾಳ ಮನೆಗೆ ಸೊಸೆಯಾಗಿ ಹೋಗುವವಳ ಕಾಲಿಗೆ ಮದುವೆಗೆ ಮುಂಚೆ ಎರಡು ಸಲ ಬೆಳ್ಳಿಯ ಕಡಗ ತೊಡಿಸಿ ನೋಡುತ್ತಾರೆ. ಮೊದಲನೆಯದು ಹುಡುಗಿ ಕೋಣೆ ಸೇರುವ ದಿನ. ಎರಡನೆಯದು ಮದುವೆಗೆ ಎಂಟು ದಿನ ಉಳಿದಿರುವಾಗ. ಮೊದಲ ದಿನ ಕಡಗ ಸಡಿಲವಾಗಿ ಹಿಮ್ಮಡಿಯ ಮೇಲೆ ಬಂದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಎರಡನೆಯ ಸಲ ಅದು ಕಣಕಾಲಿನ ಮೇಲೆ ಹಾಗೇ ನಿಲ್ಲಬೇಕು, ಕಾಲು ಒದರಿದರೂ ಜಾರಬಾರದು. ನಿಂತರೆ ತವರಿನವರು ಹುಡುಗಿಯನ್ನು ಚೆನ್ನಾಗಿ ನೋಡಿಕೊಂಡರು ಎಂದು ಹೆಸರು. ಜಾರಿದರೆ ಆ ಸುದ್ದಿ ಬಾವಿಯಿಂದ ಬಾವಿಗೆ ಓಡಾಡುತ್ತದೆ.

ಕಡಗ ನಿಲ್ಲಿಸುವ ಕೆಲಸ ನನ್ನದು. ನಮ್ಮ ವಂಶದ ಹನ್ನೊಂದು ಹುಡುಗಿಯರನ್ನು ನಾನು ಹಜ್ಬಾದಲ್ಲಿ ಕೂರಿಸಿ ಸಾಕಿದ್ದೆ. ಮದುವೆಗೆ ಮೊದಲು ನಲವತ್ತು ದಿನ ಹುಡುಗಿ ಬಿಸಿಲಿಗೆ ಬೀಳದೆ, ಹೊರಗಿನ ಗಂಡಸರ ಕಣ್ಣಿಗೆ ಬೀಳದೆ, ಒಂದೇ ಕೋಣೆಯಲ್ಲಿ ಕೂತು ಬೆಳ್ಳಗಾಗಿ, ಮೈತುಂಬಿಕೊಂಡು ಹೊರಗೆ ಬರುವುದಕ್ಕೆ ನಮ್ಮ ಜೆರ್ಬಾ ದ್ವೀಪದಲ್ಲಿ ಹಜ್ಬಾ ಅನ್ನುತ್ತೇವೆ. ಈಗಿನವರು ಹತ್ತು ದಿನಕ್ಕೆ ಮುಗಿಸುತ್ತಾರೆ. ಲಲ್ಲಾ ಸಾಸಿಯಾ ಮಾತ್ರ ನಲವತ್ತರಲ್ಲಿ ಒಂದು ದಿನವೂ ಬಿಡುವವಳಲ್ಲ.

ಹನ್ನೆರಡನೆಯವಳು ವಸೀಲಾ, ನನ್ನ ತಂಗಿ ಮೊಂಜಿಯಾಳ ಮಗಳು. ಇಪ್ಪತ್ತಾರು ವಯಸ್ಸು. ಪೇಟೆಯ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಬಸ್ಸು ಇದ್ದರೂ ಹತ್ತದೆ, ದಿನಾ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆಲಿವ್ ತೋಟಗಳ ನಡುವಿನ ದಾರಿಯಲ್ಲಿ ನಡೆಯುತ್ತಿದ್ದಳು. "ಅವಳಿಗೆ ಹುಚ್ಚು. ಬಸ್ಸಿನವನು ಮಾವ ಆಗ್ಬೇಕು, ಆದ್ರೂ ನಡೀತಾಳೆ" ಎಂದು ಮೊಂಜಿಯಾ ಬೈಯುತ್ತಿದ್ದಳು. ಆ ನಡಿಗೆ ಅವಳಿಗೆ ಏನಾಗಿತ್ತು ಎಂದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಿನ ಅತ್ತೆಯಾಗುವ ಲಲ್ಲಾ ಸಾಸಿಯಾ ಬಂದು ವಸೀಲಾಳ ಬಲಗಾಲಿಗೆ ಕಡಗ ತೊಡಿಸಿದಳು. ಬಾಯಿಲ್ಲದ, ಗುಂಡನೆಯ ಕಡಗ. ಹಿಮ್ಮಡಿ ದಾಟಿಸಿಯೇ ಹಾಕಬೇಕು, ದಾಟಿಸಿಯೇ ತೆಗೆಯಬೇಕು. ಎಡಗಾಲಿನದು ಅವಳ ಪೆಟ್ಟಿಗೆಯಲ್ಲೇ ಇರುತ್ತದೆ, ಅದನ್ನು ಮದುವೆಯ ದಿನವೇ ತೊಡಿಸುವುದು. ಕಡಗ ಸರ್ರನೆ ಒಳಗೆ ಹೋಗಿ ಪಾದದ ಮೇಲೆ ಜಾರಿ, ನೆಲಕ್ಕೆ ತಾಗಿ ಠಣ್ ಎಂದಿತು.

"ಏನು ಮೊಂಜಿಯಾ, ಮಗಳಿಗೆ ಗಾಳಿ ಕುಡಿಸಿ ಬೆಳೆಸಿದ್ಯಾ?" ಎಂದಳು ಲಲ್ಲಾ ಸಾಸಿಯಾ.

"ಅಕ್ಕ ಬೇಯಾ ಇದಾಳಲ್ಲ ಲಲ್ಲಾ, ತುಂಬಿಸ್ತಾಳೆ" ಎಂದಳು ನನ್ನ ತಂಗಿ.

ನಾನೂ ನಕ್ಕೆ. ವಸೀಲಾ ನಗಲಿಲ್ಲ. ಕಡಗ ತೆಗೆದಾದ ಮೇಲೂ ಅವಳು ಕಾಲನ್ನು ಹಾಗೇ ಚಾಚಿಕೊಂಡು, ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದಳು.

ಅವಳ ಕೋಣೆ ಅಂಗಳದ ಮೂಲೆಯಲ್ಲಿತ್ತು. ಅದಕ್ಕೆ ಅಂಟಿಕೊಂಡೇ ಉಗ್ರಾಣ. ಎಣ್ಣೆಯ ದೊಡ್ಡ ಜಾಡಿಗಳು, ಒಣ ಅಂಜೂರದ ಸರಗಳು, ಖರ್ಜೂರ, ಎಳ್ಳಿನ ಹಲ್ವಾ, ಹುರಿದ ಬಾರ್ಲಿ ಹಿಟ್ಟು ಎಲ್ಲವೂ ಅಲ್ಲಿ. ಆ ಹಿಟ್ಟಿಗೆ ಆಲಿವ್ ಎಣ್ಣೆ, ಖರ್ಜೂರ ಹಾಕಿ ಕಲಸಿದರೆ ಬ್ಸೀಸಾ ಆಗುತ್ತದೆ. ಹಜ್ಬಾದ ಹುಡುಗಿಗೆ ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಮಧ್ಯಾಹ್ನ ಕುರಿಮಾಂಸ ಹಾಕಿದ ಗೋಧಿರವೆಯ ಕುಸ್‌ಕುಸ್. ನಾನು ಸಾಕಿದ ಹುಡುಗಿಯರೆಲ್ಲ ಮೂರನೆಯ ದಿನಕ್ಕೇ "ಖಾಲ್ತಿ, ಸಾಕು" ಎಂದು ಮುಖ ತಿರುಗಿಸುತ್ತಿದ್ದರು. ದೊಡ್ಡಮ್ಮನಾದ ನನ್ನನ್ನು ಎಲ್ಲರೂ ಕರೆಯುವುದು ಖಾಲ್ತಿ ಎಂದೇ. ಅವರಿಗೆ ಕತೆ ಹೇಳಿ, ಗದರಿಸಿ, ಬೇಡಿಕೊಂಡು ತಿನ್ನಿಸುತ್ತಿದ್ದೆ.

ವಸೀಲಾ ಹಾಗಲ್ಲ. ನಾವೆಲ್ಲ ಎದುರಿಗೆ ಕೂತಾಗ ನಾಲ್ಕು ತುತ್ತು ತಿಂದು ಬಟ್ಟಲು ಸರಿಸುತ್ತಿದ್ದಳು. ಆದರೂ ಉಗ್ರಾಣದ ಹಿಟ್ಟಿನ ಡಬ್ಬಿ ದಿನದಿನಕ್ಕೆ ಇಳಿಯುತ್ತಿತ್ತು. ಹಲ್ವಾದ ಮುದ್ದೆಯಲ್ಲಿ ಬೆರಳಿನ ಗುರುತು. ಅಂಜೂರದ ಸರದಲ್ಲಿ ಬರೀ ದಾರ ನೇತಾಡುತ್ತಿತ್ತು. ಎರಡನೆಯ ವಾರದಲ್ಲಿ ನನಗೆ ತಿಳಿಯಿತು, ಹುಡುಗಿ ನಮ್ಮೆದುರು ನಾಚಿಕೊಂಡು, ಹಿಂದಿನಿಂದ ತಿನ್ನುತ್ತಾಳೆ.

ನನಗಾದ ಸಂತೋಷ ಹೇಳತೀರದು. ಅಷ್ಟು ವರ್ಷದಲ್ಲಿ ಇಂಥ ಮದುಮಗಳು ಸಿಕ್ಕಿರಲಿಲ್ಲ. ಮೊಂಜಿಯಾಳ ಕಿವಿಯಲ್ಲಿ ಹೇಳಿದೆ. ಅವಳು ಕೈ ಮೇಲೆತ್ತಿ ದೇವರಿಗೆ ವಂದಿಸಿದಳು. "ಗಂಡನ ಮೇಲೆ ಮನಸ್ಸು ಕೂತಿದೆ ಅಕ್ಕಾ. ಮನಸ್ಸು ಖುಷಿಯಾಗಿದ್ರೆ ಹೊಟ್ಟೆ ತಾನೇ ತೆರೀತದೆ" ಎಂದಳು. ನಾನು ರಾತ್ರಿ ಮಾತ್ರ ಹಾಕುತ್ತಿದ್ದ ಉಗ್ರಾಣದ ಬೀಗವನ್ನೂ ತೆಗೆದು ಬಾಗಿಲು ಬರೀ ಮುಂದಕ್ಕೆ ಎಳೆದಿಟ್ಟೆ. ಖಾಲಿಯಾದ ಡಬ್ಬಿಯನ್ನು ಯಾರಿಗೂ ಹೇಳದೆ ಮತ್ತೆ ತುಂಬಿದೆ. ಅವಳು ಕೇಳುವ ಮೊದಲೇ ಕೊಡುವುದು ದೊಡ್ಡ ಉಪಕಾರ ಎಂದುಕೊಂಡಿದ್ದೆ.

ಇಪ್ಪತ್ತನೆಯ ದಿನಕ್ಕೆ ಬಟ್ಟೆ ಹೊಲಿಯುವವಳು ಬಂದು ಮದುವೆಯ ಉಡುಪಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಿದಳು. ಇಪ್ಪತ್ತೇಳಕ್ಕೆ ಮತ್ತೆ ಬಂದು, ಬಿಚ್ಚಲು ಬಟ್ಟೆ ಉಳಿದಿಲ್ಲವೆಂದು ಅಂಚಿಗೆ ಬೇರೆ ತುಂಡು ಹಾಕಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ವಸೀಲಾಳ ಮುಖ ದುಂಡಗಾಗಿತ್ತು, ಬಿಳುಪಾಗಿತ್ತು. ಕೋಣೆಯ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಕನ್ನಡಿಯ ಮೇಲೆ ಅವಳೇ ಶಾಲು ಹೊದಿಸಿದ್ದಳು. ದೃಷ್ಟಿ ಆಗಬಾರದು ಅಂತ ಇರಬೇಕು ಎಂದು ನಾವೇ ಅರ್ಥ ಮಾಡಿಕೊಂಡೆವು.

ಮದುಮಗ ಶಾಕಿರ್ ಸಮುದ್ರದಾಚೆಯ ಲಿಯೋನ್ ಊರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಒಮ್ಮೊಮ್ಮೆ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಿದ್ದ. ಒಳ್ಳೆಯ ಹುಡುಗ, ತಮಾಷೆ ಜಾಸ್ತಿ. "ಅಮ್ಮ ಕಡಗ ತುಂಬ್ಸು ಅಂತಾಳೆ, ನೀನು ತುಂಬ್ಸು. ಆದ್ರೆ ಅಮ್ಮನ ಹಾಗೇ ಆಗ್ಬಿಡ್ಬೇಡ ಕಣೇ, ನಮ್ಮನೆ ಮೆಟ್ಟಿಲು ಚಿಕ್ಕದು!" ಎಂದು ತಾನೇ ನಗುತ್ತಿದ್ದ. ಇನ್ನೊಂದು ದಿನ ಹೇಳಿದ: "ಅಂಗಡಿ ಕೆಳಗೆ, ಮನೆ ಮೇಲೆ. ನಾನು ಬೆಳಿಗ್ಗೆ ಸಗಟು ಪೇಟೆಗೆ ಹೋದ್ರೆ ಬರೋದು ಮಧ್ಯಾಹ್ನ. ಹಸಿವಾದ್ರೆ ಇಳಿದು ಬಾ, ಇಡೀ ಅಂಗಡಿ ನಿಂದೇ." ಆ ಮಾತಿಗೆ ವಸೀಲಾ ಫೋನನ್ನು ಕವುಚಿಹಾಕಿದಳು. ಸಿಗ್ನಲ್ ಹೋಯಿತು ಎಂದಳು.

ಇಪ್ಪತ್ತೆಂಟನೆಯ ದಿನ ಊಟವಾಗಿ ಮನೆಯವರೆಲ್ಲ ಮಲಗಿದ್ದ ಹೊತ್ತು. ನಡುಮಧ್ಯಾಹ್ನದ ಬಿಸಿಲಿಗೆ ಅಂಗಳದ ಸುಣ್ಣದ ಗೋಡೆ ಕಣ್ಣು ಕುಕ್ಕುತ್ತಿತ್ತು. ನನಗೆ ನಿದ್ದೆ ಬರಲಿಲ್ಲ. ಹುಡುಗಿಗೆ ಬಾದಾಮಿ ನೆನೆಹಾಕಿರಲಿಲ್ಲವೆಂದು ಉಗ್ರಾಣಕ್ಕೆ ಹೋಗಿ ಬಾಗಿಲು ತಳ್ಳಿದೆ.

ವಸೀಲಾ ಕತ್ತಲಲ್ಲಿ ನಿಂತಿದ್ದಳು. ಎಡಗೈಯಲ್ಲಿ ಹಲ್ವಾದ ಮುದ್ದೆ. ಬಲಗೈಯಿಂದ ಡಬ್ಬಿಯ ಹಿಟ್ಟನ್ನು ಎಣ್ಣೆಯಿಲ್ಲದೆ, ನೀರಿಲ್ಲದೆ, ಹಿಡಿಹಿಡಿಯಾಗಿ ಬಾಯಿಗೆ ಹಾಕುತ್ತಿದ್ದಳು. ಒಣ ಹಿಟ್ಟು ಗಂಟಲಿಗೆ ಕಟ್ಟಿ ಕೆಮ್ಮು ಬರುತ್ತಿತ್ತು. ಕೆಮ್ಮುತ್ತಲೇ ಇನ್ನೊಂದು ಹಿಡಿ. ಅಗಿಯುತ್ತಲೂ ಇರಲಿಲ್ಲ. ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಗೆರೆ ಬಿದ್ದಿತ್ತು. ನನ್ನನ್ನು ನೋಡಿದಳು. ನೋಡಿದ ಮೇಲೂ ಕೈ ನಿಲ್ಲಲಿಲ್ಲ. ಅದು ನನ್ನನ್ನು ಹೆದರಿಸಿತು.

ನಾನು ಎಷ್ಟೋ ಜನ ಹಸಿದು ತಿನ್ನುವುದನ್ನು ಕಂಡಿದ್ದೇನೆ, ರುಚಿಗೆ ತಿನ್ನುವುದನ್ನು ಕಂಡಿದ್ದೇನೆ. ಇದು ಎರಡೂ ಅಲ್ಲ. ಯಾರೋ ಬೆನ್ನ ಹಿಂದೆ ನಿಂತು ಅವಳ ಕೈ ಹಿಡಿದು ತಿನ್ನಿಸುತ್ತಿದ್ದಂತೆ ಇತ್ತು.

ಕೈ ಹಿಡಿದು ನೆಲದ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಕೆನ್ನೆಯ ಹಿಟ್ಟು ಒರೆಸಿದೆ. ಆಮೇಲೆ ಅವಳೇ ಬಾಯಿಬಿಟ್ಟಳು.

"ಹೊಟ್ಟೆ ನೋಯ್ತಿದೆ ಖಾಲ್ತಿ."

"ಹಾಗಿದ್ರೆ ಯಾಕೆ ಮಗಳೇ ತಿಂತಿದ್ದೆ?"

"ಗೊತ್ತಿಲ್ಲ. ಮೊದಲನೇ ತುತ್ತಿಗೆ ತಲೆ ಒಳಗಿನ ಗಲಾಟೆ ನಿಂತ್ಹೋಗುತ್ತೆ. ಆಮೇಲೆ ನಿಲ್ಸೋಕೆ ಆಗಲ್ಲ. ಮುಗಿದ್ಮೇಲೆ ನನ್ನ ಮುಖ ನಂಗೇ ನೋಡೋಕೆ ಆಗಲ್ಲ. ನಾಳೆಯಿಂದ ಏನೂ ಮುಟ್ಟಲ್ಲ ಅಂದ್ಕೊಳ್ತೀನಿ. ಮುಟ್ಟದೇ ಇರ್ತೀನಿ ಕೂಡ, ನೋಡಿದ್ದೀರಲ್ಲ, ನಿಮ್ಮೆದುರು ನಾಲ್ಕೇ ತುತ್ತು. ಮಧ್ಯಾಹ್ನ ಆಗೋಷ್ಟರಲ್ಲಿ ಮತ್ತೆ ಇಲ್ಲಿರ್ತೀನಿ."

"ಇದು ಯಾವಾಗಿಂದ?"

"ಹದಿನೆಂಟು ವರ್ಷ ಇದ್ದಾಗಿಂದ. ಕಾಲೇಜು ಪರೀಕ್ಷೆ ಹೊತ್ತಲ್ಲಿ ಶುರುವಾಯ್ತು. ಕೆಲಸ ಸಿಕ್ಕಿದ್ಮೇಲೆ ಎಷ್ಟೋ ಕಮ್ಮಿಯಾಗಿತ್ತು. ಮಕ್ಕಳ ಜೊತೆ ಕೂತು ಅವರ ಹೊತ್ತಿಗೇ ಊಟ ಮಾಡ್ತಿದ್ದೆ. ನಡ್ಕೊಂಡು ಮನೆಗೆ ಬರೋಷ್ಟರಲ್ಲಿ ಮನಸ್ಸು ತಣ್ಣಗಾಗಿರೋದು. ಇಲ್ಲಿ ನಡೆಯೋಕೆ ನಾಲ್ಕು ಗೋಡೆ. ಗೋಡೆ ಪಕ್ಕ ಉಗ್ರಾಣ." ಬಾಗಿಲ ಕಡೆ ನೋಡಿ ಅಂದಳು, "ಅದೂ ಬಾಗಿಲು ತೆರೆದಿಟ್ಟಿದ್ದು."

ಆ ಮಾತು ನನ್ನನ್ನು ಚುಚ್ಚಿತು. ಅವಳು ಚುಚ್ಚಬೇಕೆಂದು ಆಡಿದ್ದಲ್ಲ.

"ಪೇಟೆಯಲ್ಲಿ ಒಬ್ಬ ಡಾಕ್ಟರಮ್ಮ ಇದಾರೆ. ಇಂಥದ್ದನ್ನೇ ನೋಡ್ತಾರಂತೆ" ಎಂದಳು. "ಒಂದ್ಸಲ ಅವರ ಬಾಗಿಲವರೆಗೂ ಹೋಗಿದ್ದೆ. ಒಳಗೆ ಹೋಗಿ ಏನಂತ ಹೇಳ್ಲಿ? ತಿಂತೀನಿ ಅಂತಾನಾ? ವಾಪಸ್ ಬಂದೆ. ಈಗ ಹನ್ನೆರಡು ದಿನ ಕಳೆದ್ರೆ ಅಂಗಡಿ ಮೇಲಿನ ಮನೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನೊಬ್ಳೇ. ಕೆಳಗೆ ಇಡೀ ಅಂಗಡಿ. ಖಾಲ್ತಿ, ನಾನು ಅಲ್ಲಿ ಸತ್ತೇ ಹೋಗ್ತೀನಿ. ಯಾರಿಗೂ ಹೇಳ್ಬೇಡಿ. ಅಮ್ಮನಿಗಂತೂ ಬೇಡ. ಬೀಗ ಹಾಕ್ಬಿಡಿ, ಅಷ್ಟು ಸಾಕು."

ಮಾತು ಕೊಟ್ಟೆ. ಬೀಗ ಹಾಕಿದೆ. ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡೆ. ಇಷ್ಟರಲ್ಲಿ ಸರಿಹೋದರೆ ಸಾಕು ಎಂದುಕೊಂಡೆ.

ಮೊದಲ ದಿನ ಸುಮ್ಮನಿದ್ದಳು. ಎರಡನೆಯ ದಿನ ಚಹಾ ತಟ್ಟೆಯ ಸಕ್ಕರೆ ಬಟ್ಟಲು ಖಾಲಿಯಾಗಿತ್ತು. ಮೂರನೆಯ ದಿನ ಮಧ್ಯಾಹ್ನ ನನ್ನ ಎದುರಿಗೆ ಬಂದು ಕೂತು, ಕಣ್ಣು ಕೆಳಗೆ ಮಾಡಿ, "ಕೀಲಿ ಕೊಡಿ" ಎಂದಳು.

"ನೀನೇ ಅಲ್ವೇನೇ ಹಾಕಿ ಅಂದಿದ್ದು?"

"ನಾನೇ. ಈಗ ಕೊಡಿ."

"ಕೊಡಲ್ಲ."

"ಬೆಳಿಗ್ಗೆಯಿಂದ ಬೀಗದ ಬಗ್ಗೆನೇ ಯೋಚ್ನೆ ಮಾಡ್ತಾ ಕೂತಿದ್ದೀನಿ ಖಾಲ್ತಿ. ಬೇರೆ ಒಂದೂ ಯೋಚ್ನೆ ಇಲ್ಲ. ಒಂದು ಹಿಡಿ ತರ್ತೀನಿ, ಕೊಡಿ. ನಿಮ್ಮ ಕಾಲು ಹಿಡೀತೀನಿ." ನಿಜಕ್ಕೂ ಬಗ್ಗಿದಳು. ಆ ಮಗುವನ್ನು ನಾನು ಎತ್ತಿ ಆಡಿಸಿದವಳು. ತೆರೆದಿಟ್ಟ ಬಾಗಿಲೂ ನನ್ನದೇ ತಪ್ಪು, ಮುಚ್ಚಿದ ಬಾಗಿಲೂ ತಪ್ಪೇ ಆಯಿತು. ಕೀಲಿಯನ್ನು ಅವಳ ಮುಂದಿಟ್ಟು ಹೊರಗೆ ಬಂದುಬಿಟ್ಟೆ. ಅವತ್ತು ಅವಳು ಅಲ್ಲಿಂದ ಏನು ತಿಂದಳೋ ನಾನು ನೋಡಲಿಲ್ಲ.

ಮೂವತ್ತೆರಡನೆಯ ದಿನ ಲಲ್ಲಾ ಸಾಸಿಯಾ ಹೆಂಗಸರನ್ನು ಕಟ್ಟಿಕೊಂಡು ಬಂದಳು. ದಿನವಿಡೀ ಕೂತು ವಸೀಲಾಳ ಪಾದ ಬಾತಿತ್ತು. ಕಡಗ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು. ಸೋಪಿನ ನೀರು ತರಿಸಿದರು. ಒಬ್ಬಳು ಮಂಡಿ ಹಿಡಿದಳು, ಲಲ್ಲಾ ಸಾಸಿಯಾ ಎರಡೂ ಕೈಯಿಂದ ತಳ್ಳಿದಳು. ಹುಡುಗಿ ತುಟಿ ಕಚ್ಚಿಕೊಂಡಳು. ಕಡಗ ದಾಟಿತು. ಕಣಕಾಲಿನ ಮೇಲೆ ಕೂತು ಅಲುಗಾಡಲಿಲ್ಲ.

"ಒದರು" ಎಂದಳು. ವಸೀಲಾ ಕಾಲು ಒದರಿದಳು. ಸದ್ದೇ ಇಲ್ಲ.

ಹೆಂಗಸರು ನಾಲಿಗೆ ಆಡಿಸಿ ಹಾಕಿದ ಮಂಗಳದ ಕೂಗು ಮಾಡಿಗೆ ತಾಗಿತು. "ಬೇಯಾ, ನಿನ್ನ ಕೈಗೆ ಬಂಗಾರ ಹಾಕ್ಬೇಕು!" ಎಂದು ಲಲ್ಲಾ ಸಾಸಿಯಾ ನನ್ನ ಬೆನ್ನು ತಟ್ಟಿದಳು. ಹನ್ನೊಂದು ಸಲ ಇಂಥ ಮಾತಿಗೆ ನಾನು ಉಬ್ಬಿದ್ದೆ. ಆ ದಿನ ತಟ್ಟಿದ ಕೈ ಕಲ್ಲಿನ ಹಾಗೆ ಬಿತ್ತು.

ತೆಗೆಯಲು ನೋಡಿದರೆ ಬರಲಿಲ್ಲ. ಸೋಪು, ಎಣ್ಣೆ, ದಾರ, ಎಲ್ಲ ಆಯಿತು. "ಇರ್ಲಿ ಬಿಡಿ, ಇನ್ನೆಂಟು ದಿನ ತಾನೇ. ಕಾಲಲ್ಲೇ ಇದ್ರೆ ಇನ್ನೂ ಶುಭ" ಎಂದು ಲಲ್ಲಾ ಸಾಸಿಯಾ ಹೊರಟುಹೋದಳು.

ಮರುದಿನ ಬೆಳಿಗ್ಗೆ ಕಡಗದ ಕೆಳಗೆ ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ತಣ್ಣಗೆ. ಬೆರಳುಗಳು ಜುಮುಗುಡುತ್ತಿವೆ ಎಂದಳು ವಸೀಲಾ. ಆಶ್ಚರ್ಯವೆಂದರೆ ಅವಳ ದನಿಯಲ್ಲಿ ಗಾಬರಿಯೇ ಇರಲಿಲ್ಲ. ಇದೂ ತನಗೆ ಬರಬೇಕಾದದ್ದೇ ಎನ್ನುವಂತೆ ಕಾಲನ್ನು ಹಾಸಿಗೆಯ ಮೇಲಿಟ್ಟುಕೊಂಡು ಕೂತಿದ್ದಳು.

ನಾನು ಮೊಂಜಿಯಾಳನ್ನು ಕರೆದೆ. "ಬೆಳ್ಳಿ ಕೆಲಸದ ಹವಾತು ಹತ್ರ ಕರ್ಕೊಂಡು ಹೋಗಿ ಕತ್ತರಿಸ್ಬೇಕು."

"ಕತ್ತರಿಸೋದಾ? ಲಲ್ಲಾ ಸಾಸಿಯಾಳ ಅಜ್ಜಿ ಕಾಲದ ಕಡಗ! ಹುಡುಗಿ ಹಜ್ಬಾದಲ್ಲಿದಾಳೆ, ಬಿಸಿಲಲ್ಲಿ ಪೇಟೆಗೆ ಹೋಗೋದಾ? ಅಕ್ಕಾ, ತಲೆ ನೆಟ್ಟಗಿದೆಯಾ?"

"ಅವನನ್ನೇ ಇಲ್ಲಿಗೆ ಕರೆಸ್ತೀಯಾ?"

"ಗಂಡಸನ್ನ ಹಜ್ಬಾ ಕೋಣೆಗಾ?" ಎದೆ ಹೊಡೆದುಕೊಂಡಳು. "ಕಾಲು ಎತ್ತರಕ್ಕೆ ಇಟ್ಟು ಮಲಗ್ಲಿ. ಇಳಿಯುತ್ತೆ. ಅಷ್ಟು ಚೆನ್ನಾಗಿ ತಿಂದು ತುಂಬ್ಕೊಂಡಿದಾಳೆ, ಈಗ ನೀನೇ ಕಲ್ಲು ಹಾಕ್ಬೇಡ."

ವಸೀಲಾಳ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮಾತು ಕೊಟ್ಟಿದ್ದೆ, ನಿಜ. ಆದರೆ ಆ ಮಾತು ಉಳಿಸಿಕೊಂಡು ಅವಳನ್ನು ಕಳೆದುಕೊಳ್ಳುವುದು ನನ್ನಿಂದಾಗಲಿಲ್ಲ. "ನಾನು ಹೇಳ್ಲಾ, ನೀನು ಹೇಳ್ತೀಯಾ?" ಎಂದೆ.

ಅವಳು ಕಣ್ಣು ಮುಚ್ಚಿದಳು. "ನಾನು ಹೇಳೋದಾದ್ರೆ ಇವತ್ತೂ ಆಗಲ್ಲ. ನೀವೇ ಹೇಳಿ."

ಹೇಳಿದೆ. ಒಣ ಹಿಟ್ಟು, ಸಕ್ಕರೆ ಬಟ್ಟಲು, ಕೀಲಿ, ಎಂಟು ವರ್ಷ, ಒಂದನ್ನೂ ಬಿಡಲಿಲ್ಲ. ನಾನು ಬಾಗಿಲು ತೆರೆದಿಟ್ಟಿದ್ದನ್ನೂ ಹೇಳಿದೆ.

ಮೊಂಜಿಯಾ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. "ತಿನ್ನೋದೂ ಒಂದು ಕಾಯಿಲೆನಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಲಲ್ಲಾ ಸಾಸಿಯಾಗೆ ಗೊತ್ತಾದ್ರೆ?" ಎಂದಳು. ವಸೀಲಾ ಗೋಡೆ ಹಿಡಿದು ಎದ್ದಳು. ನೀಲಿಗಟ್ಟಿದ ಪಾದಕ್ಕೆ ಚಪ್ಪಲಿ ಹಿಡಿಸಲಿಲ್ಲ. ಬರಿಗಾಲಲ್ಲೇ ಅಂಗಳಕ್ಕೆ ಇಳಿದಳು. ಮೊಂಜಿಯಾ ಹೊರಬಾಗಿಲಿಗೆ ಅಡ್ಡ ನಿಂತಳು. ಅಮ್ಮನೂ ಮಗಳೂ ಹಾಗೇ ಎಷ್ಟು ಹೊತ್ತು ನಿಂತರೋ. ಕಡೆಗೆ ಮೊಂಜಿಯಾ ದಾರಿ ಬಿಡಲಿಲ್ಲ, ಆದರೆ ತನ್ನ ತಲೆಯ ಮೇಲಿದ್ದ ಒಣಹುಲ್ಲಿನ ಟೊಪ್ಪಿ ತೆಗೆದು ಮಗಳ ತಲೆಗೆ ಇಟ್ಟಳು. "ಮುಖಕ್ಕಾದ್ರೂ ಬಿಸಿಲು ಬೀಳ್ಬಾರ್ದು" ಎಂದಳು. ವಸೀಲಾ ಅವಳ ಪಕ್ಕದಿಂದ ನುಸುಳಿ ಹೋದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದೆ. ಓಣಿಯ ಮೂರು ಬಾಗಿಲುಗಳು ತೆರೆದವು. ಯಾರೂ ಸಲಾಂ ಹೇಳಲಿಲ್ಲ.

ಬಸ್ಸಿನವನು ನಮ್ಮನ್ನು ಕಂಡು ಬಾಯಿ ತೆರೆದ. ಸುಮ್ಮನೆ ಓಡಿಸು ಎಂದೆ.

ಮುದುಕ ಹವಾತು ಕನ್ನಡಕ ಹಣೆಗೇರಿಸಿ ಕಾಲು ನೋಡಿದ. "ಇದು ನಮ್ಮಜ್ಜ ಮಾಡಿದ್ದು. ಅವನ ಗುರುತು ಇಲ್ಲಿದೆ ನೋಡಿ" ಎಂದ. "ಕಾಲಿಗೆ ಹಗ್ಗ ಬಿಗಿದ ಹಾಗೆ ಬಿಗೀತಾರೆ ಅಂತ ಗೊತ್ತಿದ್ರೆ ಕೀಲು ಇಟ್ಟೇ ಮಾಡ್ತಿದ್ದ, ಪಾಪ." ಕಡಗಕ್ಕೂ ಚರ್ಮಕ್ಕೂ ನಡುವೆ ತೊಗಲಿನ ಪಟ್ಟಿ ತೂರಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಸಣ್ಣ ಗರಗಸ. ಬೆಳ್ಳಿಯ ಪುಡಿ ಅವಳ ಪಾದದ ಮೇಲೆ ಉದುರುತ್ತಿತ್ತು. ಕಡಗ ಬಾಯಿ ಬಿಟ್ಟಾಗ ಅವಳು ಅತ್ತಳು. ನೋವಿಗೆ. ರಕ್ತ ಓಡುವಾಗ ಉರಿಯುತ್ತದೆ ಎಂದ ಮುದುಕ.

"ಕೀಲು ಹಾಕಿ ಕೊಡ್ತೀನಿ. ಬೇಕಾದಾಗ ಹಾಕ್ಕೊಳ್ಳಿ, ಬೇಡವಾದಾಗ ತೆಗೀರಿ."

"ಲಲ್ಲಾ ಸಾಸಿಯಾ ಒಪ್ಬೇಕಲ್ಲ" ಎಂದೆ.

"ಅವಳನ್ನೂ ಕರ್ಕೊಂಡು ಬನ್ನಿ. ಅವಳ ಕಾಲಿಗೆ ಈಗ ಇದು ಹಿಡಿಸುತ್ತಾ ನೋಡೋಣ."

ಆ ತಿಂಗಳಲ್ಲಿ ಮೊದಲ ಸಲ ವಸೀಲಾ ನಕ್ಕಳು. ನಗು ಬೇಗನೇ ಆರಿತು. ಅಂಗಡಿಯ ಕಟ್ಟೆಯ ಮೇಲೆ ಕೂತು ಫೋನು ತೆಗೆದಳು. ಶಾಕಿರ್‌ಗೆ ಮುಖ ತೋರಿಸದೆ, ಬರೀ ಮಾತಲ್ಲಿ ಹೇಳಿದಳು. ತಡವರಿಸುತ್ತ, ಹಿಂದೆಮುಂದೆ ಮಾಡುತ್ತ ಹೇಳಿದಳು. ಕಡೆಯ ಮಾತು ಮಾತ್ರ ನೆಟ್ಟಗಿತ್ತು: "ಅಂಗಡಿ ಮೇಲಿನ ಮನೇಲಿ ನಾನೊಬ್ಳೇ ಇರೋಕೆ ಆಗಲ್ಲ ಶಾಕಿರ್."

ಆ ಕಡೆಯಿಂದ ಗಲ್ಲಾಪೆಟ್ಟಿಗೆಯ ಸದ್ದು ಕೇಳಿಸಿತು. ಅದರ ಹಿಂದೆಯೇ ಅವನ ದನಿ. "ಗಿರಾಕಿ ನಿಂತಿದಾರೆ. ಆಮೇಲೆ ಫೋನ್ ಮಾಡ್ತೀನಿ." ಈ ಸಲ ತಮಾಷೆ ಇರಲಿಲ್ಲ.

"ಮಾಡ್ತಾನೆ ಬಿಡು" ಎಂದೆ.

"ಮಾಡಬಹುದು, ಮಾಡದೇನೂ ಇರಬಹುದು." ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಅದು ಅಲುಗಿತು. ಮೊಂಜಿಯಾಳ ಕರೆ. ನಿಂತಿತು. ಮತ್ತೆ ಅಲುಗಿತು.

"ಆ ಡಾಕ್ಟರಮ್ಮ ಎಷ್ಟು ಹೊತ್ತಿಗೆ ಬರ್ತಾರೆ?" ಎಂದು ಕೇಳಿದೆ.

"ಮೂರು ಗಂಟೆಗೆ."

ಆಗಿನ್ನೂ ಹನ್ನೆರಡು. ಮಧ್ಯಾಹ್ನದ ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಮೂವತ್ತೆರಡು ದಿನ ಬಿಸಿಲು ಕಾಣದ ಅವಳ ಕೈಗಳು ಸುಲಿದ ಬಾದಾಮಿಯ ಹಾಗೆ ಬೆಳ್ಳಗಿದ್ದವು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ನನ್ನ ಚೀಲದಲ್ಲಿ ಒಂದು ರೊಟ್ಟಿ ಇತ್ತು. ಮನೆಯಿಂದ ಹೊರಡುವಾಗ ಕೈ ತಾನಾಗಿ ಹಾಕಿಕೊಂಡಿದ್ದು. ಜೀವಮಾನವಿಡೀ ಎದುರಿಗೆ ಕೂತವರಿಗೆ ಕೇಳದೆ ಕೊಟ್ಟ ಕೈ ಅದು. ಈಗ ಚೀಲದ ಒಳಗೆ ರೊಟ್ಟಿಯನ್ನು ಹಿಡಿದುಕೊಂಡು, ತೆಗೆಯಲೋ ಬೇಡವೋ ಎಂದು ತಿಳಿಯದೆ ಕೂತೆ.

ಅವಳಿಗೆ ವಾಸನೆ ಬಂದಿರಬೇಕು.

"ಅರ್ಧ ಕೊಡಿ ಖಾಲ್ತಿ" ಎಂದಳು. "ಇನ್ನರ್ಧ ನೀವು ತಿನ್ನಿ. ನಾನು ಮುಗಿಸೋವರೆಗೂ ಎದ್ದು ಹೋಗ್ಬೇಡಿ."

ಮುರಿದು ಕೊಟ್ಟೆ. ಅವಳು ಒಂದು ಚೂರು ಬಾಯಿಗಿಟ್ಟು ಅಗಿಯತೊಡಗಿದಳು. ನಾನೂ ಅಗಿದೆ. ತೊಡೆಯ ಮೇಲೆ ಫೋನು ಮತ್ತೆ ಅಲುಗಿತು. ಯಾರದೆಂದು ಅವಳು ನೋಡಲಿಲ್ಲ, ನಾನೂ ನೋಡಲಿಲ್ಲ.